ಕುಂಡದ ಪಿಯೋನಿ ನೆಲ ಹಿಡಿದ ಬಗೆ

ತೀರ್ಥಹಳ್ಳಿಯ ಮನೆಯಂಗಳದಲ್ಲಿ ಅಮ್ಮ ಡೇರೆ ಹೂ ಬೆಳೆಸುತ್ತಿದ್ದರು. ಮಳೆಗಾಲಕ್ಕೆ ಮೊದಲು ಗಡ್ಡೆ ನೆಟ್ಟರೆ ಅದೇ ವರ್ಷ ಅಂಗಳದ ತುಂಬ ಹೂ. ಆ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು ಅಮೆರಿಕದ ಇಂಡಿಯಾನಾದಲ್ಲಿ ನಾನು ಪಿಯೋನಿ ನೆಟ್ಟೆ. 1957ರಿಂದ ಅದು ಈ ರಾಜ್ಯದ ಹೂ. ನಮ್ಮ ಬೀದಿಯ ಹಳೆಯ ಮನೆಗಳ ಮುಂದೆ ಮೇ ತಿಂಗಳಲ್ಲಿ ಊಟದ ತಟ್ಟೆಯಗಲದ ಹೂಗಳು ಬಾಗಿ ನಿಂತಿರುತ್ತವೆ. ನೋಡಿ ಸುಮ್ಮನಿರಲಾಗಲಿಲ್ಲ.

2019ರ ಮೇ ತಿಂಗಳಲ್ಲಿ ನರ್ಸರಿಯಿಂದ ಒಂದು ಕುಂಡ ತಂದೆ. ತಳಿ ಸಾರಾ ಬರ್ನ್‌ಹಾರ್ಟ್, ತಿಳಿಗುಲಾಬಿ ಬಣ್ಣದ್ದು. ಕುಂಡದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ನೆಲದಲ್ಲೂ ಅಷ್ಟಕ್ಕೇ ಸರಿಯಾಗಿ ಇಟ್ಟು, ಮೇಲೆ ಮರದ ಚೂರು ಹೊದಿಸಿದೆ. ಮುಂದಿನ ವರ್ಷಗಳಲ್ಲೂ ಚೂರು ಹಾಕುತ್ತಲೇ ಹೋದೆ. ಮೂರು ವಸಂತ ಕಳೆದವು. ಹಸಿರೆಲೆ ದಟ್ಟವಾಗಿ ಬಂತು, ಮೊಗ್ಗು ಒಂದೂ ಇಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಗಿಡವನ್ನು ಅಗೆದು ತೆಗೆದೆ. ಸಲಿಕೆಯನ್ನು ಬುಡದಿಂದ ಒಂದಡಿ ದೂರದಲ್ಲಿ ಊರಿ, ಸುತ್ತ ಬಿಡಿಸಿಕೊಂಡು ಎತ್ತಿದೆ. ಈ ಬೇರುಗಳು ಗೆಣಸಿನಂತೆ ದಪ್ಪ, ಎಳೆದರೆ ಪಟಕ್ಕನೆ ಮುರಿಯುತ್ತವೆ. ಪೈಪಿನ ನೀರು ಬಿಟ್ಟು ಮಣ್ಣು ತೊಳೆದಾಗ ಬುಡದಲ್ಲಿ ಮುಂದಿನ ವರ್ಷ ಚಿಗುರೊಡೆಯುವ ಕಣ್ಣುಗಳು ಕಂಡವು. ಶೇಂಗಾ ಬೀಜದ ಗಾತ್ರದ, ಚೂಪು ತುದಿಯ, ಕೆಂಪು ಕಣ್ಣುಗಳು, ಮೂರು. ಅವು ಇದ್ದದ್ದು ನೆಲದಿಂದ ನಾಲ್ಕು ಇಂಚು ಕೆಳಗೆ! ಕುಂಡದಲ್ಲೇ ಗಿಡ ಆಳವಾಗಿತ್ತು. ಗುಂಡಿಯ ಸಡಿಲ ಮಣ್ಣು ಕುಸಿದು, ನಾನು ಹಾಕಿದ ಚೂರೂ ಸೇರಿ, ಇನ್ನಷ್ಟು ಆಳವಾಯಿತು. ಪಿಯೋನಿಯ ಕಣ್ಣಿಗೆ ಚಳಿಗಾಲದ ಥಂಡಿ ತಟ್ಟಬೇಕು. ಒಂದರಿಂದ ಎರಡು ಇಂಚಿಗಿಂತ ಆಳಕ್ಕೆ ಹೋದರೆ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ. ಹಾಗಾಗಿ ಕುಂಡದ ಮಣ್ಣಿನ ಮಟ್ಟವನ್ನು ನಂಬಬೇಡಿ. ಬೆರಳಿನಿಂದ ಮಣ್ಣು ಸರಿಸಿ ಕಣ್ಣು ಎಲ್ಲಿದೆ ಎಂದು ಹುಡುಕಿ, ಆಳವನ್ನು ಅಲ್ಲಿಂದಲೇ ಅಳೆಯಿರಿ.

ಎರಡನೆಯ ಸಲ ಜಾಗವನ್ನೂ ಬದಲಿಸಿದೆ. ದಿನಕ್ಕೆ ಆರು ತಾಸಿಗಿಂತ ಹೆಚ್ಚು ಬಿಸಿಲು ಬೀಳುವ, ಮೇಪಲ್ ಮರದ ಬೇರು ತಲುಪದ ಮೂಲೆ ಅದು. ನಮ್ಮದು ಜೇಡಿಮಣ್ಣು. ಅದರಲ್ಲಿ ಕಿರಿದಾದ ಗುಂಡಿ ತೆಗೆದು ಕುಂಡದ ಹಗುರ ಮಣ್ಣನ್ನು ಹಾಗೇ ಕೂರಿಸಿದರೆ, ಮಳೆಯಲ್ಲಿ ಬಾನಿಯಂತೆ ನೀರು ನಿಂತು ಬೇರು ಕೊಳೆಯುತ್ತದೆ. ಬಿಸಿಲಲ್ಲಿ ಸುತ್ತಲಿನ ನೆಲ ಒದ್ದೆಯಿದ್ದರೂ ಆ ಮುದ್ದೆ ಮಾತ್ರ ಒಣಗುತ್ತದೆ. ಅದಕ್ಕೇ ಎರಡಡಿ ಅಗಲಕ್ಕೆ ಅಗೆದು, ಅದೇ ಮಣ್ಣಿಗೆ ಒಂದಿಷ್ಟು ಕಾಂಪೋಸ್ಟ್ ಬೆರೆಸಿ, ತುಳಿದು ಗಟ್ಟಿ ಮಾಡಿದ ದಿಬ್ಬದ ಮೇಲೆ ಗಿಡ ಇಟ್ಟೆ. ಗುಂಡಿಗೆ ಅಡ್ಡಲಾಗಿ ಕೋಲು ಹಾಕಿ, ಕಣ್ಣುಗಳು ಒಂದೂವರೆ ಇಂಚು ಕೆಳಗಿರುವಂತೆ ನೋಡಿಕೊಂಡೆ. ನೀರು ಹಾಕಿ ಮಣ್ಣು ಕುಸಿದ ಮೇಲೆ ಮತ್ತೊಮ್ಮೆ ಅಳೆದೆ. ಈ ಎರಡನೆಯ ಅಳತೆ ಬಿಡಬಾರದು.

ವಸಂತದಲ್ಲಿ ಎಲೆ ಸಮೇತ ತಂದ ಕುಂಡವಾದರೆ ಬೇರು ತೊಳೆಯಲು ಹೋಗಬೇಡಿ, ಗಿಡ ಸೊರಗುತ್ತದೆ. ಬೇರು ಬಿಡಿಸಿ ನೆಡುವುದಿದ್ದರೆ ಸೆಪ್ಟೆಂಬರ್, ಅಕ್ಟೋಬರ್ ವರೆಗೆ ಕಾಯುವುದೇ ಲೇಸು.

ಮೊದಲ ಚಳಿಗಾಲಕ್ಕೆ ಒಣ ಎಲೆ ಹೊದಿಸಿದ್ದೆ, ಹೆಪ್ಪುಗಟ್ಟಿ ಕರಗುವ ನೆಲ ಗಿಡವನ್ನು ಮೇಲೆತ್ತದಿರಲಿ ಎಂದು. ಮಾರ್ಚ್‌ನಲ್ಲಿ ಪೂರ್ತಿ ತೆಗೆದೆ. 2023ರಲ್ಲಿ ಬಂದ ಒಂದೇ ಮೊಗ್ಗನ್ನು ಬಟಾಣಿ ಗಾತ್ರವಿದ್ದಾಗಲೇ ಚಿವುಟಿದೆ. ಕೈ ನಡುಗಿತು. ಆದರೆ ಆ ವರ್ಷದ ಶಕ್ತಿ ಬೇರಿಗೆ ಹೋಗಬೇಕಿತ್ತು. ಬೇಸಿಗೆಯಲ್ಲಿ ಮಳೆಯಿಲ್ಲದ ವಾರಗಳಲ್ಲಿ ಒಮ್ಮೆ ಆಳವಾಗಿ ನೀರು, ಅಷ್ಟೇ.

2024ರಲ್ಲಿ ಎರಡು ಹೂ. 2025ರ ಮೇ ಕೊನೆಯಲ್ಲಿ ಒಂಬತ್ತು. ಮೊಗ್ಗಿನ ಜೇನಿಗೆ ಇರುವೆ ಮುತ್ತಿದಾಗ ಔಷಧಿ ಹೊಡೆಯಬೇಡಿ, ಅವುಗಳಿಂದ ಗಿಡಕ್ಕೆ ಯಾವ ಕೇಡೂ ಇಲ್ಲ. ತಲೆಭಾರಕ್ಕೆ ಕಾಂಡ ಮಲಗದಂತೆ ಏಪ್ರಿಲ್‌ನಲ್ಲೇ ತಂತಿಯ ಬಳೆ ನಿಲ್ಲಿಸಿದ್ದೆ.

ನವೆಂಬರ್‌ನಲ್ಲಿ ಒಣಗಿದ ಕಾಂಡಗಳನ್ನು ನೆಲಮಟ್ಟಕ್ಕೆ ಕತ್ತರಿಸಿದೆ. ಬೂಷ್ಟುರೋಗ ಅವುಗಳಲ್ಲೇ ಉಳಿಯುವುದರಿಂದ ಗೊಬ್ಬರದ ಗುಂಡಿಗೆ ಹಾಕದೆ ಕಸದ ಗಾಡಿಗೆ ಕೊಟ್ಟೆ. ಬಳಿಕ ಮೊಣಕಾಲೂರಿ ಬುಡದ ಮಣ್ಣನ್ನು ಮೆಲ್ಲಗೆ ಸರಿಸಿ ನೋಡಿದೆ. ಹನ್ನೊಂದು ಕೆಂಪು ಕಣ್ಣುಗಳಿದ್ದವು. ಎಣಿಸಿ, ಮತ್ತೆ ಅಷ್ಟೇ ಮಣ್ಣು ಮುಚ್ಚಿದೆ.