ಕಾಯಿಲೆ ಬಿದ್ದ ಬಿಯರ್ಡೆಡ್ ಡ್ರ್ಯಾಗನ್‌ಗೆ ಮೊದಲು ಬಿಸಿ, ಆಮೇಲೆ ನೀರು, ಊಟ ಕೊನೆಗೆ

ಸಾಕಿದ ಜೀವ ಊಟ ಬಿಟ್ಟರೆ ಮನೆಯವರಿಗೂ ತುತ್ತು ಇಳಿಯುವುದಿಲ್ಲ. ಆ ಸಂಕಟ ನನಗೆ ಚೆನ್ನಾಗಿ ಗೊತ್ತು. ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಈ ಸಾಕು ಸರೀಸೃಪ ಮೂಲೆ ಹಿಡಿದು ಕಣ್ಣು ಮುಚ್ಚಿ ಮಲಗಿದ್ದರೆ, ಹೇಗಾದರೂ ಮಾಡಿ ಬಾಯಿಗೆ ಒಂದಿಷ್ಟು ಹಾಕೋಣ ಅನ್ನಿಸುತ್ತದೆ. ನಾನೂ ಮೊದಲ ಸಲ ಹಾಗೇ ಮಾಡಿದೆ. ಮೈ ತಣ್ಣಗಿದ್ದ ಪ್ರಾಣಿಗೆ ಹುಳ ತಿನ್ನಿಸಿದೆ. ಮರುದಿನ ಅದು ಅಷ್ಟನ್ನೂ ವಾಂತಿ ಮಾಡಿತು, ಮೊದಲಿಗಿಂತ ಸೊರಗಿತು. ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಬಿಸಿ, ಆಮೇಲೆ ನೀರು, ಊಟ ಕೊನೆಗೆ. ಇದು ಅದಲುಬದಲಾಗಬಾರದು.

ಕಾರಣ ಇಷ್ಟೇ. ಇದು ಓತಿಕ್ಯಾತದ ಬಳಗದ ಪ್ರಾಣಿ, ಆಸ್ಟ್ರೇಲಿಯಾದ ಒಣ ಒಳನಾಡಿನದು. ನಮ್ಮ ಹಾಗೆ ಅದರ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ, ಹೊರಗಿನಿಂದ ಪಡೆಯಬೇಕು. ಮೈ ಕಾದರೆ ಮಾತ್ರ ಹೊಟ್ಟೆ ಕೆಲಸ ಮಾಡುತ್ತದೆ. ತಣ್ಣಗಿದ್ದರೆ ಒಳಗೆ ಹೋದದ್ದು ಅರಗದೆ ಕೊಳೆಯುತ್ತದೆ. ಹಾಗಾಗಿ ಪ್ರಾಣಿಯನ್ನು ಕೈಗೆ ಎತ್ತಿಕೊಳ್ಳುವ ಮೊದಲು ಅದು ಇರುವ ಗಾಜಿನ ಟ್ಯಾಂಕಿನ ಬಿಸಿ ಎಷ್ಟಿದೆ ನೋಡಿ. ದೊಡ್ಡ ಪ್ರಾಣಿಗೆ ಮೈ ಕಾಯಿಸುವ ಜಾಗದಲ್ಲಿ 38ರಿಂದ 42 ಡಿಗ್ರಿ ಸೆಲ್ಸಿಯಸ್ ಬೇಕು, ತಂಪು ಬದಿಯಲ್ಲಿ 25ರಿಂದ 29. ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರನ್ನು ನಾನು ನಂಬುವುದಿಲ್ಲ. ಅದು ಗೋಡೆಯ ಬಿಸಿ ಹೇಳುತ್ತದೆ, ಪ್ರಾಣಿ ಕೂರುವ ಕಲ್ಲಿನದ್ದಲ್ಲ. ಕಲ್ಲಿನ ಮೇಲೇ ಅಳೆಯಿರಿ.

ಕಾಯಿಲೆ ಪ್ರಾಣಿಗೆ ಎತ್ತರ ಹತ್ತಲು ಶಕ್ತಿ ಇರುವುದಿಲ್ಲ, ಅದು ನಮಗೆ ಹೊಳೆಯುವುದೂ ಇಲ್ಲ. ಹತ್ತುವ ದಾರಿಯನ್ನು ತಗ್ಗಿಸಿ, ಇಳಿಜಾರು ಮಾಡಿ. ಆದರೆ ದೀಪದ ಕೆಳಗೇ ಬಿಟ್ಟು ಮರೆಯಬೇಡಿ. ಸರಿದು ಹೋಗಲಾರದ ಪ್ರಾಣಿ ಅಲ್ಲೇ ಮೈ ಸುಟ್ಟುಕೊಳ್ಳುತ್ತದೆ. ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ಯುವಿಬಿ ದೀಪ ಯಾವಾಗ ಬದಲಿಸಿದ್ದು ಅನ್ನುವುದನ್ನೂ ನೆನಪು ಮಾಡಿಕೊಳ್ಳಿ. ಬೆಳಕು ಬರುತ್ತಲೇ ಇರುತ್ತದೆ, ಕಣ್ಣಿಗೆ ಕಾಣದ ಯುವಿಬಿ ಮಾತ್ರ ಕಡಿಮೆಯಾಗಿರುತ್ತದೆ. ಬಹಳಷ್ಟು ದೀಪಗಳನ್ನು 6ರಿಂದ 12 ತಿಂಗಳಿಗೆ ಬದಲಿಸಬೇಕು. ಅದಿಲ್ಲದೆ ವಿಟಮಿನ್ ಡಿ3 ಇಲ್ಲ, ಡಿ3 ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮೂಳೆ ಮೆತ್ತಗಾಗುತ್ತದೆ, ದವಡೆ ನೋಯುತ್ತದೆ. ದವಡೆ ನೋಯುವಾಗ ಯಾರು ತಾನೇ ಅಗಿದು ತಿನ್ನುತ್ತಾರೆ?

ಈಗ ನೀರು. ನೀರು ಕಡಿಮೆಯಾಗಿದ್ದರೆ ಕಣ್ಣು ಒಳಗೆ ಹೋಗಿರುತ್ತದೆ. ಪಕ್ಕೆಯ ಚರ್ಮ ಮೆಲ್ಲಗೆ ಹಿಡಿದು ಬಿಟ್ಟರೆ ಕೂಡಲೇ ಕೆಳಗೆ ಕೂರುವುದಿಲ್ಲ. ಬಾಯೊಳಗೆ ಜೊಲ್ಲು ದಾರದ ಹಾಗೆ ಎಳೆಯುತ್ತದೆ. ನಾನು ಮೊದಲು ನೋಡುವುದು ಹಿಕ್ಕೆಯನ್ನು. ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಬಿಳಿಯಾಗಿ, ಮೆತ್ತಗಿದ್ದರೆ ನೆಮ್ಮದಿ. ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿ ಸೀಮೆಸುಣ್ಣದಂತೆ ಗಟ್ಟಿಯಾಗಿದ್ದರೆ ನೀರು ಸಾಲದು ಅಂತಲೇ ಅರ್ಥ.

ಬಟ್ಟಲಲ್ಲಿ ನೀರಿಟ್ಟು ಕುಡಿಯಲಿಲ್ಲ ಅಂತ ಕೊರಗಬೇಡಿ. ಎಷ್ಟೋ ಡ್ರ್ಯಾಗನ್‌ಗಳಿಗೆ ನಿಂತ ನೀರು ನೀರು ಅಂತಲೇ ಕಾಣುವುದಿಲ್ಲ. ಹೊಳೆಯುವ ಹನಿ, ಅಲುಗುವ ನೀರು ಕಣ್ಣಿಗೆ ಬೀಳುತ್ತದೆ. ಸೂಜಿ ಇಲ್ಲದ 1 ಮಿಲಿ ಸಿರಿಂಜ್ ತೆಗೆದುಕೊಳ್ಳಿ. ಉಗುರುಬೆಚ್ಚಗಿನ ನೀರು ತುಂಬಿ, ಮೂಗಿನ ತುದಿಯ ಕೆಳಗೆ, ತುಟಿಯ ಮೇಲೆ ಒಂದು ಹನಿ ಬಿಡಿ. ಕಾಯಿರಿ. ನಾಲಿಗೆ ಹೊರಗೆ ಬಂದು ನೆಕ್ಕಿದರೆ ಇನ್ನೊಂದು ಹನಿ. ಮೂಗಿನ ಹೊಳ್ಳೆಯೊಳಗೆ ಹೋಗಬಾರದು. ಬಾಯಿ ತೆರೆಸಿ ಒಳಗೆ ಚಿಮ್ಮಿಸಲೂ ಬಾರದು. ಉಸಿರಾಡುವ ರಂಧ್ರ ನಾಲಿಗೆಯ ಬುಡದಲ್ಲೇ ಇದೆ, ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಷ್ಟು ಕುಡಿಸಬೇಕು ಅಂದರೆ, ಸಾಮಾನ್ಯ ಲೆಕ್ಕ ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿ. 400 ಗ್ರಾಂ ತೂಗುವ ಪ್ರಾಣಿಗೆ 4ರಿಂದ 12 ಮಿಲಿ ಆಯಿತು. ಒಂದೇ ಸಲ ಬೇಡ, ನಾಲ್ಕೈದು ಸಲ ಹಂಚಿ. ಮೂತ್ರಪಿಂಡದ ತೊಂದರೆ ಇದ್ದರೆ ಈ ಲೆಕ್ಕ ಬಿಟ್ಟು ವೈದ್ಯರ ಮಾತು ಕೇಳಿ. ಕ್ರೀಡಾಪಟುಗಳು ಕುಡಿಯುವ ಸಿಹಿ ಪಾನೀಯ ಕೊಡಬೇಡಿ. ಅದರಲ್ಲಿ ಸಕ್ಕರೆ ಜಾಸ್ತಿ.

ಬೆಚ್ಚಗಿನ ನೀರಿನಲ್ಲಿ ಕೂರಿಸುವುದೂ ಒಳ್ಳೆಯದು. ನೀರು 30ರಿಂದ 33 ಡಿಗ್ರಿ ಇರಲಿ. ಪ್ರಾಣಿಯ ಮುಂಗಾಲಿನ ಮೊಣಕೈ ಮುಳುಗುವಷ್ಟು ಸಾಕು, ತಲೆ ಮತ್ತು ಭುಜ ಮೇಲಿರಬೇಕು. ಕೆಳಗೆ ಒಂದು ಬಟ್ಟೆ ಹಾಸಿ, ಕಾಲು ಜಾರುವುದಿಲ್ಲ. 15 ನಿಮಿಷ ಕೂರಿಸಿ, ಬೆರಳಿಂದ ನೀರನ್ನು ಮೆಲ್ಲಗೆ ಅಲುಗಿಸುತ್ತಿರಿ. ಕೆಲವು ಅಲ್ಲೇ ತಲೆ ತಗ್ಗಿಸಿ ಕುಡಿಯುತ್ತವೆ, ಹಿಕ್ಕೆಯನ್ನೂ ಹಾಕುತ್ತವೆ. ತಲೆ ಎತ್ತಲಾರದಷ್ಟು ನಿತ್ರಾಣವಾಗಿದ್ದರೆ ಈ ಸ್ನಾನ ಬೇಡವೇ ಬೇಡ. ಫೋನ್ ಬಂತು ಅಂತ ಎದ್ದು ಹೋಗಬೇಡಿ, ಎರಡು ಬೆರಳು ನೀರಲ್ಲೂ ಮುಳುಗುತ್ತವೆ. ಮುಗಿದ ಮೇಲೆ ಒರೆಸಿ, ನೇರ ದೀಪದ ಕೆಳಗೆ ಬಿಡಿ.

ಮೈ ಕಾದು, ನೀರು ಸ್ವಲ್ಪ ಹಿಡಿದ ಮೇಲೆ ಊಟದ ಮಾತು. ಮೊದಲು ಆಸೆ ತೋರಿಸಿ. ಅಲುಗುವ ಹುಳಕ್ಕೆ ಸೊಪ್ಪಿಗಿಂತ ಬೇಗ ತಿರುಗುತ್ತದೆ. ರೇಷ್ಮೆ ಹುಳ ಮೆತ್ತಗಿರುತ್ತದೆ, ನೀರೂ ಇರುತ್ತದೆ. ಹಾರ್ನ್‌ವರ್ಮ್ ಅನ್ನುವ ದಪ್ಪ ಹಸಿರು ಕಂಬಳಿಹುಳ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ನೂರಕ್ಕೆ ಹೆಚ್ಚು ಕಡಿಮೆ 85 ಭಾಗ ನೀರೇ. ಹುಳದ ಗಾತ್ರ ಪ್ರಾಣಿಯ ಎರಡು ಕಣ್ಣುಗಳ ನಡುವಿನ ಅಂತರ ಮೀರದಿರಲಿ. ಕ್ರಿಕೆಟ್ ಹುಳಗಳನ್ನು ಟ್ಯಾಂಕಿನಲ್ಲಿ ಬಿಟ್ಟು ರಾತ್ರಿ ಮಲಗಬೇಡಿ, ಕಾಯಿಲೆ ಪ್ರಾಣಿಯನ್ನು ಅವು ಕಚ್ಚುತ್ತವೆ. ಹೊರಗೆ ಹಿಡಿದ ಹುಳಕ್ಕೆ ಕೀಟನಾಶಕ ತಾಗಿರಬಹುದು. ಮಿಂಚುಹುಳ ಅಂತೂ ಒಂದೇ ಒಂದು ತಿಂದರೂ ಸಾಯಬಹುದು. ಬೆಣ್ಣೆಹಣ್ಣೂ ಕೊಡಬಾರದು. ಪಾಲಕ್ ಸೊಪ್ಪು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಬೇಡ.

ಏನೂ ಮುಟ್ಟದಿದ್ದರೆ ಸಿರಿಂಜ್ ಊಟ. ಇದನ್ನು ವೈದ್ಯರು ತೋರಿಸಿಕೊಟ್ಟ ಮೇಲೆ ಮಾಡಿ. ಸರೀಸೃಪಗಳಿಗಂತಲೇ ಪುಡಿ ಆಹಾರ ಬರುತ್ತದೆ, ನೀರಲ್ಲಿ ಕಲಸಿ ಕೊಡುವುದು. ಉಪ್ಪು, ಸಕ್ಕರೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಬೇಯಿಸಿದ ಕುಂಬಳಕಾಯಿಯ ನುಣ್ಣನೆಯ ಪೇಸ್ಟ್ ಒಂದೆರಡು ದಿನಕ್ಕೆ ಆದೀತು, ಅದೇ ಪೂರ್ತಿ ಊಟವಲ್ಲ. ಬಹಳ ದಿನ ಉಪವಾಸ ಇದ್ದ ಮೈಗೆ ಮೊದಲ ದಿನ ಒಂದೆರಡು ಮಿಲಿ ತೆಳ್ಳಗಿನದ್ದು ಸಾಕು. ಬೆಳಿಗ್ಗೆ ದೀಪ ಹಾಕಿ, ಎರಡು ಗಂಟೆ ಮೈ ಕಾದ ಮೇಲೆ ತುಟಿಗೆ ಸ್ವಲ್ಪ ಸವರಿ. ನೆಕ್ಕಲು ಬಿಡಿ. ದವಡೆಯನ್ನು ಹಿಡಿದು ಎಳೆಯಬೇಡಿ, ಮೆತ್ತಗಾದ ಮೂಳೆ ಮುರಿಯುತ್ತದೆ. ಗಂಟಲ ಕೆಳಗಿನ ಗಡ್ಡದಂಥ ಚರ್ಮ ಕಪ್ಪಾಗಿ ಒದ್ದಾಡಿದರೆ ಅವತ್ತಿಗೆ ನಿಲ್ಲಿಸಿ. ದೀಪ ಆರುವ ಮುಂಚಿನ ಎರಡು ಗಂಟೆ ಏನೂ ಬೇಡ, ಅರಗಲು ಬಿಸಿ ಉಳಿದಿರುವುದಿಲ್ಲ.

ಅಡುಗೆಯ ಗ್ರಾಂ ತಕ್ಕಡಿಯಂಥದ್ದೇ ಒಂದನ್ನು ಇದಕ್ಕೇ ಬೇರೆ ಇಟ್ಟುಕೊಳ್ಳಿ. ದಿನಾ ಒಂದೇ ಹೊತ್ತಿಗೆ ತೂಗಿ, ಬರೆದಿಡಿ. ದೊಡ್ಡ ಪ್ರಾಣಿಗಳು ವರ್ಷದಲ್ಲಿ ಕೆಲವು ವಾರ ನಿದ್ದೆಗೆ ಜಾರಿ ಊಟ ಬಿಡುವುದುಂಟು, ಆಗ ತೂಕ ಹೆಚ್ಚು ಇಳಿಯುವುದಿಲ್ಲ. ಹತ್ತರಲ್ಲಿ ಒಂದು ಭಾಗ ಇಳಿದಿದ್ದರೆ ಅದು ನಿದ್ದೆಯಲ್ಲ, ಕಾಯಿಲೆ. ಸರೀಸೃಪ ನೋಡುವ ವೈದ್ಯರ ಹತ್ತಿರ ಹೋಗಿ. ಬಾಯಿ ತೆರೆದು ಉಸಿರಾಡಿದರೆ, ಕಾಲು ನಡುಗಿದರೆ, ಹೊಟ್ಟೆ ಉಬ್ಬಿ ಹಿಕ್ಕೆ ನಿಂತಿದ್ದರೆ, ಹೆಣ್ಣು ಮೊಟ್ಟೆ ಇಡಲು ಒದ್ದಾಡುತ್ತಿದ್ದರೆ ತಕ್ಕಡಿಗೂ ಕಾಯಬೇಡಿ, ಅವತ್ತೇ ಹೋಗಿ. ತೀರಾ ಒಣಗಿದ್ದರೆ ಅವರು ಚರ್ಮದಡಿ ದ್ರವ ಕೊಡುತ್ತಾರೆ, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಹೋಗುವಾಗ ಹೊಸ ಹಿಕ್ಕೆಯನ್ನು ಮುಚ್ಚಿದ ಡಬ್ಬಿಯಲ್ಲಿ ಒಯ್ಯಿರಿ. ಊಟ ಬಿಡಲು ಹೊಟ್ಟೆಯ ಪರಾವಲಂಬಿಗಳೇ ಎಷ್ಟೋ ಸಲ ಕಾರಣ, ಅದು ಹಿಕ್ಕೆಯಲ್ಲೇ ಗೊತ್ತಾಗುತ್ತದೆ. ಇವುಗಳ ಮೈಯಲ್ಲಿ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪ್ರತಿ ಸಲ ಸೋಪಿನಿಂದ ಕೈ ತೊಳೆಯಿರಿ, ಸಿರಿಂಜ್ ಬಟ್ಟಲುಗಳನ್ನು ಅಡುಗೆಮನೆಯ ಸಿಂಕಿಗೆ ತರಬೇಡಿ.

ಚೇತರಿಸಿಕೊಳ್ಳುವಾಗ ಸಿರಿಂಜನ್ನು ಒಂದೇ ಸಲ ನಿಲ್ಲಿಸಬೇಡಿ. ಮೈ ಕಾದ ಮೇಲೆ ಮೊದಲು ಹುಳ ತೋರಿಸಿ, ಅರ್ಧ ಗಂಟೆ ಕಾಯಿರಿ, ತಿನ್ನದಿದ್ದರೆ ಮಾತ್ರ ಸಿರಿಂಜ್. ನಮ್ಮದು 11ನೇ ದಿನ ತಲೆ ಓರೆ ಮಾಡಿ ಒಂದು ರೇಷ್ಮೆ ಹುಳವನ್ನು ತುಂಬಾ ಹೊತ್ತು ನೋಡಿತು. ಆಮೇಲೆ ನಾಲಿಗೆ ಚಾಚಿ ತಿಂದಿತು. ಇನ್ನೊಂದು ಕೊಡೋಣ ಅಂತ ನನ್ನ ಕೈ ಹೋಯಿತು, ಆದರೂ ತಡೆದೆ. ಒಂದು ಅರಗಲಿ ಅಂತ ಬಿಟ್ಟೆ. ಮರುದಿನ ತಾನಾಗಿಯೇ ಎರಡು ತಿಂದಿತು.