ಡ್ರೆಸ್ಡೆನ್‌ನಿಂದ ಆಫರ್ ಬಂದಿದೆಯಾ? ಆ ಕೆಲಸದ ಹಿಂದಿನ ದುಡ್ಡಿನ ಲೆಕ್ಕ

ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುವವರ ಬಾಯಲ್ಲಿ ಮ್ಯೂನಿಕ್, ಸ್ಟುಟ್‌ಗಾರ್ಟ್ ಜೊತೆಗೆ ಈಗ ಡ್ರೆಸ್ಡೆನ್ ಹೆಸರೂ ಬರುತ್ತಿದೆ, ಅದರಲ್ಲೂ ಚಿಪ್ ಎಂಜಿನಿಯರ್‌ಗಳ ಬಾಯಲ್ಲಿ. ಪೂರ್ವ ಜರ್ಮನಿಯ ಆ ಊರಲ್ಲಿ ಕೆಲಸ ಹುಟ್ಟಿದ್ದರಲ್ಲಿ ಸರ್ಕಾರದ ದುಡ್ಡಿನ ಪಾಲು ದೊಡ್ಡದು. ಹೊರಡುವ ಮುಂಚೆ ಆ ದುಡ್ಡಿನ ದಾರಿ ತಿಳಿದಿರಲಿ.

ಮೊದಲ ತಿಂಗಳ ಪೇ ಸ್ಲಿಪ್‌ನಲ್ಲೇ ಅದರ ಗುರುತು ಸಿಗುತ್ತದೆ. ಆದಾಯ ತೆರಿಗೆಯ ಪಕ್ಕದಲ್ಲಿ ಎಲ್ಲರೂ ‘ಸೋಲಿ’ ಎಂದು ಕರೆಯುವ ಇನ್ನೊಂದು ಕಡಿತದ ಸಾಲು ಇರುತ್ತದೆ. ಎರಡು ಜರ್ಮನಿಗಳು ಒಂದಾದ ಮರುವರ್ಷ, 1991ರಲ್ಲಿ, ಪೂರ್ವದ ಖರ್ಚಿಗೂ ಸೇರಿ ಶುರುವಾದ ಸರ್‌ಚಾರ್ಜ್ ಇದು. ಪಶ್ಚಿಮದವರು ಮಾತ್ರ ಕಟ್ಟುತ್ತಾರೆ ಎಂಬ ಮಾತು ಸುಳ್ಳು, ಎರಡೂ ಕಡೆಯವರು ಕಟ್ಟಬೇಕು. 2021ರಿಂದ ಬಹುಪಾಲು ಜನರಿಗೆ ವಿನಾಯಿತಿ ಇದೆ. 2025ರಲ್ಲಿ ಒಬ್ಬಂಟಿಯ ವಾರ್ಷಿಕ ಆದಾಯ ತೆರಿಗೆ 19,950 ಯೂರೋ ದಾಟದಿದ್ದರೆ ಸೋಲಿ ಸೊನ್ನೆ.

ಇದರ ಮೇಲೆ ಐರೋಪ್ಯ ಒಕ್ಕೂಟದ ದುಡ್ಡು ಬರುತ್ತದೆ. ಅವರ ಪ್ರಾದೇಶಿಕ ಅಭಿವೃದ್ಧಿ ನಿಧಿ 1975ರಿಂದ ಇದೆ. ಒಂದು ಪ್ರದೇಶದ ತಲಾ ಉತ್ಪನ್ನವನ್ನು ಒಕ್ಕೂಟದ ಸರಾಸರಿಯ ಪಕ್ಕ ಇಟ್ಟು ನೋಡುತ್ತಾರೆ. ಶೇ. 75ಕ್ಕಿಂತ ಕೆಳಗಿದ್ದರೆ ಹಿಂದುಳಿದದ್ದು, 75ರಿಂದ 100ರೊಳಗೆ ಮಧ್ಯದ್ದು, ಅದರಾಚೆ ಮುಂದುವರಿದದ್ದು. ಹಿಂದುಳಿದಷ್ಟೂ ನೆರವಿನ ಪಾಲು ಹೆಚ್ಚು. 2021–27ರ ಪಟ್ಟಿಯಲ್ಲಿ ಡ್ರೆಸ್ಡೆನ್ ಮಧ್ಯದ ಸಾಲಿನಲ್ಲಿದೆ, ಪಕ್ಕದ ಲೈಪ್‌ಜಿಗ್ ಮೇಲಿನ ಸಾಲಿಗೆ ದಾಟಿದೆ.

ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದದ್ದು ನೆನಪಿರುವವರಿಗೆ ಈ ಬಗೆಯ ಪಟ್ಟಿ ಹೊಸದೇನಲ್ಲ. ಆದರೆ ನಮ್ಮವರು ತಾಲ್ಲೂಕಿನವರೆಗೆ ಇಳಿದು ಅಳೆದರು. ಅಲ್ಲಿ ಒಂದು ಪ್ರದೇಶ ಎಂದರೆ ಸಾಮಾನ್ಯವಾಗಿ 8 ಲಕ್ಷದಿಂದ 30 ಲಕ್ಷ ಜನ. ಊರಿನ ಸಿರಿತನದ ಲೆಕ್ಕದಲ್ಲಿ ಸುತ್ತಲಿನ ಹಳ್ಳಿಗಳ ಕೊರತೆ ಮುಚ್ಚಿಹೋಗುತ್ತದೆ. ಈ ವಿಷಯದಲ್ಲಿ ನಂಜುಂಡಪ್ಪನವರ ಅಳತೆಯೇ ನನಗೆ ಮೇಲು.

ಇನ್ನು ಅಸಲಿ ಜಗಳ: ದುಡ್ಡು ಹಿಂದುಳಿದವರಿಗೋ, ಗೆಲ್ಲುವವರಿಗೋ? 2024ರ ಆಗಸ್ಟ್‌ನಲ್ಲಿ ಡ್ರೆಸ್ಡೆನ್‌ನಲ್ಲಿ ತೈವಾನ್‌ನ ಚಿಪ್ ಕಂಪನಿ ಟಿಎಸ್‌ಎಂಸಿ ಪಾಲುದಾರಿಕೆಯ ಚಿಪ್ ಕಾರ್ಖಾನೆಗೆ ಜರ್ಮನ್ ಸರ್ಕಾರ 500 ಕೋಟಿ ಯೂರೋ ಕೊಡಲು ಒಕ್ಕೂಟ ಒಪ್ಪಿತು. ಹಿಂದುಳಿದವರನ್ನು ಕೈಹಿಡಿದು ಎತ್ತುವ ದುಡ್ಡಲ್ಲ ಇದು, ಗೆಲ್ಲುವ ಕುದುರೆಗೆ ಕಟ್ಟಿದ್ದು. ಕುದುರೆ ಓಡದಿರುವುದೂ ಉಂಟು: ಪೂರ್ವದ್ದೇ ಆದ ಮಾಗ್ಡೆಬುರ್ಗ್‌ನಲ್ಲಿ ದೊಡ್ಡ ನೆರವಿನ ಭರವಸೆ ಇದ್ದರೂ ಇಂಟೆಲ್ 2025ರಲ್ಲಿ ಚಿಪ್ ಕಾರ್ಖಾನೆಯ ಯೋಜನೆಯನ್ನೇ ಕೈಬಿಟ್ಟಿತು. ಇನ್ನೊಂದು ಐಟಿ ಪಾರ್ಕ್ ಬೆಂಗಳೂರಿಗೋ ಕಲಬುರಗಿಗೋ ಎಂಬ ನಮ್ಮ ಹಳೆಯ ತಕರಾರೇ ಅಲ್ಲೂ ನಡೆಯುತ್ತಿದೆ. ನನಗೆ ಹೆಚ್ಚು ಹಿಡಿಸಿದ್ದು ಪೂರ್ವದ ಕಲ್ಲಿದ್ದಲು ಸೀಮೆ ಲೌಸಿಟ್ಸ್‌ನ ದಾರಿ. ಕಲ್ಲಿದ್ದಲು ನಿಲ್ಲಿಸುವ ಪ್ರದೇಶಗಳಿಗೆ 2038ರವರೆಗೆ 4,000 ಕೋಟಿ ಯೂರೋವರೆಗೆ ಎತ್ತಿಟ್ಟಿದ್ದಾರೆ. ಅಲ್ಲಿನ ಕಾಟ್‌ಬುಸ್ ನಗರದಲ್ಲಿ ರೈಲು ದುರಸ್ತಿ ಕಾರ್ಖಾನೆಯೂ ವೈದ್ಯಕೀಯ ವಿಶ್ವವಿದ್ಯಾಲಯವೂ ಬಂದಿವೆ.

ಹಳ್ಳಿಗಾಡಿನಲ್ಲಿ ಮನೆ ಮಾಡುವವರು ಗ್ರಾಮಾಭಿವೃದ್ಧಿಗೆಂದು ಒಕ್ಕೂಟ ನಡೆಸುವ ‘ಲೀಡರ್’ ಯೋಜನೆಯ ಹೆಸರು ಗುರುತಿಟ್ಟುಕೊಳ್ಳಿ. 1991ರಿಂದ ಇದೆ, ಜರ್ಮನಿಯಲ್ಲಿ 300ಕ್ಕೂ ಹೆಚ್ಚು ಸ್ಥಳೀಯ ಗುಂಪುಗಳಿವೆ. ಯಾವ ಯೋಜನೆಗೆ ದುಡ್ಡು ಎಂಬುದನ್ನು ಆ ಗುಂಪೇ ಆರಿಸುತ್ತದೆ, ಯಾವ ಒಂದು ಹಿತಾಸಕ್ತಿಗೂ ಅರ್ಧಕ್ಕೆ ಅರ್ಧ ಮತ ಇರುವಂತಿಲ್ಲ. ನಿಮ್ಮ ಕನ್ನಡ ಕೂಟವನ್ನು ಏಳು ಜನ ಸೇರಿ ನೋಂದಾಯಿತ ಸಂಘ ಮಾಡಿಕೊಂಡರೆ, ಹಳೆಯ ಸಮುದಾಯ ಭವನ ರಿಪೇರಿಯಂಥ ಕೆಲಸಕ್ಕೆ ಊರಿನವರ ಜೊತೆ ಕೂಡಿ ಕೇಳಿ ನೋಡಬಹುದು. ಎರಡು ಎಚ್ಚರ: ಮಂಜೂರಾತಿ ಪತ್ರ ಕೈಗೆ ಬರುವ ಮುಂಚೆ ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟರೆ ನೆರವು ಸಾಮಾನ್ಯವಾಗಿ ತಪ್ಪಿಹೋಗುತ್ತದೆ, ಮಂಜೂರಾದ ಮೇಲೂ ಮೊದಲು ಕೈಯಿಂದ ಹಾಕಿ, ಬಿಲ್ಲು ಕೊಟ್ಟು, ಆಮೇಲೆ ವಾಪಸ್ ಪಡೆಯಬೇಕು.

2028ರಿಂದ ಲೆಕ್ಕ ಬದಲಾಗಬಹುದು. 2025ರ ಜುಲೈನಲ್ಲಿ ಐರೋಪ್ಯ ಆಯೋಗ ಮುಂದಿಟ್ಟ 2028–34ರ ಬಜೆಟ್ ಪ್ರಸ್ತಾವದಲ್ಲಿ ಪ್ರಾದೇಶಿಕ ಮತ್ತು ಕೃಷಿ ನಿಧಿಗಳೆರಡೂ ಪ್ರತಿ ದೇಶಕ್ಕೊಂದರಂತೆ ಒಂದೇ ಯೋಜನೆಗೆ ಸೇರುತ್ತವೆ, ಉದ್ಯಮಗಳ ಪೈಪೋಟಿಯ ಶಕ್ತಿ ಹೆಚ್ಚಿಸಲೆಂದೇ ಪ್ರತ್ಯೇಕ ನಿಧಿ ಬರುತ್ತದೆ. ಈಗಿನ ಪ್ರಾದೇಶಿಕ ನಿಧಿಯ ದುಡ್ಡನ್ನು ಸಾಮಾನ್ಯವಾಗಿ 2029ರ ಡಿಸೆಂಬರ್ 31ರೊಳಗೆ ಖರ್ಚು ಮಾಡಿ ಮುಗಿಸಬೇಕು. ಹಾಗಾಗಿ ಪೂರ್ವ ಜರ್ಮನಿಯ ವಿಶ್ವವಿದ್ಯಾಲಯದಲ್ಲೋ ಸಂಶೋಧನಾ ಕೇಂದ್ರದಲ್ಲೋ ಪ್ರಾಜೆಕ್ಟ್ ಹುದ್ದೆ ಸಿಕ್ಕರೆ, ಸಂಬಳ ಯಾವ ನಿಧಿಯಿಂದ, ಯಾವ ತಾರೀಖಿನವರೆಗೆ ಎಂದು ಸಹಿ ಹಾಕುವ ಮುಂಚೆ ಕೇಳಿ. ಕೇಳಿದರೆ ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.