ಐಇಎಲ್‌ಟಿಎಸ್ ರೈಟಿಂಗ್ 6ರಲ್ಲೇ ನಿಂತಿದ್ದಾಗ ಕೆಲಸಕ್ಕೆ ಬಂದ ಕ್ರಮ

ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಬೇರೆ ಭಾಗಗಳಲ್ಲಿ ನನ್ನ ಅಂಕ 7 ದಾಟುತ್ತಿತ್ತು, ರೈಟಿಂಗ್ ಮಾತ್ರ 6ರಲ್ಲೇ ನಿಂತಿತ್ತು. ಬಿಟ್ಟ ಸ್ಥಳ ತುಂಬುವ ಅಭ್ಯಾಸ, ಮಾದರಿ ಪ್ರಬಂಧದ ಬಾಯಿಪಾಠ, ಸುಮ್ನೆ ಉದ್ದುದ್ದ ವಾಕ್ಯ, ಯಾವುದೂ ಉಪಯೋಗಕ್ಕೆ ಬರಲಿಲ್ಲ. 7ಕ್ಕೆ ಬಗೆಬಗೆಯ ವಾಕ್ಯಗಳು ಬೇಕು, ಅವುಗಳಲ್ಲಿ ತಪ್ಪೇ ಇಲ್ಲದವು ಆಗಾಗ ಸಿಗಬೇಕು.

ಕೆಲಸ ಮಾಡಿದ್ದು ಇದು. ಗೂಗಲ್ ಡಾಕ್ಸ್‌ನಲ್ಲಿ ಟೂಲ್ಸ್, ಅಲ್ಲಿಂದ ಸ್ಪೆಲಿಂಗ್ ಅಂಡ್ ಗ್ರಾಮರ್‌ಗೆ ಹೋಗಿ ಎರಡೂ ಸಲಹೆಗಳ ಟಿಕ್ ತೆಗೆಯಿರಿ, ಕಂಪ್ಯೂಟರ್ ಪರೀಕ್ಷೆಯಲ್ಲೂ ಕೆಂಪು ಗೆರೆ ಬರುವುದಿಲ್ಲ ಅಲ್ವಾ. ಟಾಸ್ಕ್ 2ಕ್ಕೆ, ಅಂದರೆ ಪ್ರಬಂಧದ ಪ್ರಶ್ನೆಗೆ, 40 ನಿಮಿಷದ ಟೈಮರ್: 5 ಯೋಚನೆಗೆ, 28 ಬರೆಯಲು, 7 ತಿದ್ದಲು. ತಿದ್ದುವಾಗ ಕೊನೆಯ ವಾಕ್ಯದಿಂದ ಮೇಲಕ್ಕೆ ಓದಿ, ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹುಡುಕಿ. ಮೊದಲು ಕ್ರಿಯಾಪದ: ‘ಪೀಪಲ್’ ಇದ್ದರೆ ‘ಆರ್’, ‘ಎವ್ರಿವನ್’ ಇದ್ದರೆ ‘ಈಸ್’. ಆಮೇಲೆ ‘ಎ’, ‘ದ’. ಕನ್ನಡದಲ್ಲಿ ಇವು ಇಲ್ಲ, ಹಾಗಾಗಿ ನಮ್ಮವರು ಜಾಸ್ತಿ ಬಿಡುವುದು ಇಲ್ಲೇ. ಎಣಿಸಬಹುದಾದ ವಸ್ತುವಿನ ಹೆಸರು ಏಕವಚನದಲ್ಲಿ, ಮುಂದೆ ಇಂಥ ಪದ ಯಾವುದೂ ಇಲ್ಲದೆ, ಒಂಟಿಯಾಗಿ ನಿಂತಿದ್ದರೆ ಸಾಮಾನ್ಯವಾಗಿ ಅದು ತಪ್ಪು. ಕೊನೆಗೆ, ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಕಾಮಾ ಇದ್ದರೆ ಫುಲ್‌ಸ್ಟಾಪ್ ಹಾಕಿ, ಇಲ್ಲವೇ ‘ಬಿಕಾಸ್’ ಥರದ್ದು ಸೇರಿಸಿ.

ಮಾರನೇ ದಿನ ತಪ್ಪಿದ ವಾಕ್ಯಗಳನ್ನಷ್ಟೇ, ಹಿಂದಿನದನ್ನು ನೋಡದೆ, ಮತ್ತೆ ಬರೆಯಿರಿ, ಹೊಸ ಪ್ರಬಂಧ ಆಮೇಲೆ. ಈ ಕ್ರಮದಲ್ಲಿ ನನಗೆ 7 ಬಂತು.